ರಾಜ್ಯದ ಅಡ್ವೊಕೇಟ್ ಜನರಲ್: ಒಂದು ವಾಕ್ಯವನ್ನು ಒಂದು ಅವಧಿಯ ಪಾಠವಾಗಿಸುವುದು

ಒಂಬತ್ತನೆಯ ತರಗತಿಯಲ್ಲಿ ‘ರಾಜ್ಯ ಸರ್ಕಾರ’ ಘಟಕವನ್ನು ಬೋಧಿಸಲು ಹೊರಡುವ ನಮ್ಮ ಪ್ರಶಿಕ್ಷಣಾರ್ಥಿಗಳು ರಾಜ್ಯಪಾಲರಿಗೆ ಒಂದು ಅವಧಿ, ಮುಖ್ಯಮಂತ್ರಿ ಮತ್ತು ಮಂತ್ರಿಮಂಡಲಕ್ಕೆ ಒಂದು ಅವಧಿ, ವಿಧಾನಮಂಡಲಕ್ಕೆ ಎರಡು ಅವಧಿ ಎಂದು ಹಂಚಿಕೊಳ್ಳುತ್ತಾರೆ. ಅಡ್ವೊಕೇಟ್ ಜನರಲ್ ಪಾಲಿಗೆ ಉಳಿಯುವುದು ಒಂದೇ ವಾಕ್ಯ: “ರಾಜ್ಯಪಾಲರು ಅಡ್ವೊಕೇಟ್ ಜನರಲ್ ಅವರನ್ನು ನೇಮಿಸುತ್ತಾರೆ.” ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರೆಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಅಭ್ಯಾಸ ಬೋಧನೆಯ ವೀಕ್ಷಣೆಗೆ ಹೋದಾಗ ಪಾಠದ ಕೊನೆಗೆ ನಾನು ಒಂದೆರಡು ಮಕ್ಕಳನ್ನು ಕರೆದು “ಅಡ್ವೊಕೇಟ್ ಜನರಲ್ ಎಂದರೆ ಯಾರು?” ಎಂದು ಕೇಳುವುದುಂಟು. ಬರುವ ಉತ್ತರಗಳು ಮೂರು ಬಗೆಯವು: ದೊಡ್ಡ ಜಡ್ಜು, ಪೊಲೀಸ್ ಕೇಸು ನಡೆಸುವ ಸರ್ಕಾರಿ ವಕೀಲರು, ಕಾನೂನು ಮಂತ್ರಿ. ಮೂರೂ ತಪ್ಪು. ಆದರೆ ತಪ್ಪು ಮಕ್ಕಳದಲ್ಲ, ಒಂದೇ ವಾಕ್ಯದ ಬೋಧನೆಯದು.

ಈ ಲೇಖನದಲ್ಲಿ ಆ ಒಂದು ವಾಕ್ಯವನ್ನು ನಲವತ್ತು ನಿಮಿಷದ ಪಾಠವಾಗಿ ಬೆಳೆಸುವ ಬಗೆಯನ್ನು ಹೇಳಲು ಯತ್ನಿಸಿದ್ದೇನೆ. ಮೊದಲು ಶಿಕ್ಷಕರಿಗೆ ಬೇಕಾದ ವಿಷಯಜ್ಞಾನ, ಅನಂತರ ಪಾಠಯೋಜನೆ, ಬಳಿಕ ಒಂದು ಶಾಲೆಯಲ್ಲಿ ಈ ಪಾಠ ನಡೆದಾಗ ಎದ್ದ ಒಂದು ಪ್ರಶ್ನೆ ಮತ್ತು ಅದರಿಂದ ಯೋಜನೆಯಲ್ಲಿ ಸೇರಿಸಿಕೊಂಡ ಅಂಶ.

ಸಂವಿಧಾನ ಏನು ಹೇಳುತ್ತದೆ

ಅಡ್ವೊಕೇಟ್ ಜನರಲ್ ಹುದ್ದೆಯ ಮೂಲ ಸಂವಿಧಾನದ 165ನೇ ವಿಧಿ. ಅದರಲ್ಲಿ ಮೂರು ಖಂಡಗಳಿವೆ. ಮೂರನ್ನೂ ಪ್ರಶಿಕ್ಷಣಾರ್ಥಿ ಒಮ್ಮೆಯಾದರೂ ಮೂಲದಲ್ಲಿಯೇ ಓದಬೇಕು. ಮಾರ್ಗದರ್ಶಿ ಪುಸ್ತಕಗಳ ಸಾರಾಂಶ ಸಾಲದು.

ಮೊದಲನೆಯ ಖಂಡ ನೇಮಕಕ್ಕೆ ಸಂಬಂಧಿಸಿದ್ದು. ಪ್ರತಿ ರಾಜ್ಯದ ರಾಜ್ಯಪಾಲರು ಹೈಕೋರ್ಟಿನ ನ್ಯಾಯಾಧೀಶರಾಗಲು ಅರ್ಹತೆಯುಳ್ಳ ಒಬ್ಬರನ್ನು ಆ ರಾಜ್ಯದ ಅಡ್ವೊಕೇಟ್ ಜನರಲ್ ಆಗಿ ನೇಮಿಸಬೇಕು. ಆ ಅರ್ಹತೆ ಏನೆಂದು ತಿಳಿಯಲು 217ನೇ ವಿಧಿಗೆ ಹೋಗಬೇಕು: ಭಾರತದ ಪೌರರಾಗಿರಬೇಕು, ಹತ್ತು ವರ್ಷ ನ್ಯಾಯಾಂಗ ಹುದ್ದೆಯಲ್ಲಿ ಇದ್ದಿರಬೇಕು ಅಥವಾ ಹತ್ತು ವರ್ಷ ಹೈಕೋರ್ಟಿನ ವಕೀಲರಾಗಿರಬೇಕು. ಇಲ್ಲಿ ಚುರುಕಾದ ಮಗು ಒಂದು ಪ್ರಶ್ನೆ ಕೇಳಬಹುದು: ಹೈಕೋರ್ಟ್ ನ್ಯಾಯಾಧೀಶರು 62ಕ್ಕೆ ನಿವೃತ್ತರಾಗುತ್ತಾರೆ, ಹಾಗಾದರೆ ಇವರೂ 62ಕ್ಕೆ ನಿಲ್ಲಬೇಕೆ? ಬೇಕಿಲ್ಲ. ನಿವೃತ್ತಿ ವಯಸ್ಸು ನ್ಯಾಯಾಧೀಶರ ಅಧಿಕಾರಾವಧಿಗೆ ಸಂಬಂಧಿಸಿದ್ದು, ಅರ್ಹತೆಗೆ ಅಲ್ಲ. ನ್ಯಾಯಾಧೀಶರ ನಿವೃತ್ತಿ ವಯಸ್ಸು 60 ಆಗಿದ್ದ ಕಾಲದಲ್ಲಿ, 1952ರಲ್ಲಿ, ನಾಗಪುರ ಹೈಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂದಿತ್ತು. ಅರವತ್ತು ದಾಟಿದವರೂ ಅಡ್ವೊಕೇಟ್ ಜನರಲ್ ಆಗಬಹುದೆಂದು ಅದು ತೀರ್ಪು ಕೊಟ್ಟಿತು.

ಎರಡನೆಯ ಖಂಡ ಕರ್ತವ್ಯಗಳದ್ದು. ರಾಜ್ಯಪಾಲರು ಒಪ್ಪಿಸುವ ಕಾನೂನು ವಿಷಯಗಳಲ್ಲಿ ರಾಜ್ಯ ಸರ್ಕಾರಕ್ಕೆ ಸಲಹೆ ಕೊಡುವುದು. ವಹಿಸಿಕೊಡುವ ಕಾನೂನು ಸ್ವರೂಪದ ಇತರ ಕೆಲಸಗಳನ್ನು ಮಾಡುವುದು. ಸಂವಿಧಾನವಾಗಲಿ ಬೇರಾವುದೇ ಕಾನೂನಾಗಲಿ ಹೊರಿಸಿದ ಹೊಣೆಗಳನ್ನು ನಿರ್ವಹಿಸುವುದು. ‘ಬೇರಾವುದೇ ಕಾನೂನು’ ಎಂಬ ಮಾತನ್ನು ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೂರನೆಯ ಖಂಡ ಅವಧಿ ಮತ್ತು ಸಂಭಾವನೆಗೆ ಸೇರಿದ್ದು. ರಾಜ್ಯಪಾಲರ ಇಷ್ಟವಿರುವವರೆಗೆ ಅಧಿಕಾರ. ರಾಜ್ಯಪಾಲರು ನಿರ್ಧರಿಸಿದಷ್ಟು ಸಂಭಾವನೆ. ಐದು ವರ್ಷ, ಆರು ವರ್ಷ ಎಂಬ ಲೆಕ್ಕವಿಲ್ಲ. ನ್ಯಾಯಾಧೀಶರನ್ನು ತೆಗೆಯಲು ಇರುವಂಥ ಕಠಿಣ ವಿಧಾನವೂ ಇಲ್ಲ. ‘ರಾಜ್ಯಪಾಲರ ಇಷ್ಟ’ ಎಂಬುದನ್ನು ಮಕ್ಕಳು ವ್ಯಕ್ತಿಯ ಇಷ್ಟಾನಿಷ್ಟವೆಂದು ತಿಳಿಯುತ್ತಾರೆ. 163ನೇ ವಿಧಿಯ ಪಾಠ ಹಿಂದಿನ ಅವಧಿಯಲ್ಲಿ ಆಗಿದ್ದರೆ ಅದನ್ನು ಇಲ್ಲಿ ನೆನಪಿಸಬೇಕು: ರಾಜ್ಯಪಾಲರು ಇಂಥ ವಿಷಯಗಳಲ್ಲಿ ಮಂತ್ರಿಮಂಡಲದ ಸಲಹೆಯಂತೆ ನಡೆಯುತ್ತಾರೆ. ಆದ್ದರಿಂದಲೇ ಸರ್ಕಾರ ಬದಲಾದಾಗ ಅಡ್ವೊಕೇಟ್ ಜನರಲ್ ರಾಜೀನಾಮೆ ಕೊಡುವುದು, ಹೊಸ ಸರ್ಕಾರ ತನಗೆ ವಿಶ್ವಾಸವಿರುವ ಹಿರಿಯ ವಕೀಲರನ್ನು ನೇಮಿಸಿಕೊಳ್ಳುವುದು ರೂಢಿಯಾಗಿದೆ. ಕರ್ನಾಟಕದಲ್ಲಿ ಬಿ.ವಿ. ಆಚಾರ್ಯ ಅವರು ಬೇರೆ ಬೇರೆ ಕಾಲದಲ್ಲಿ ಐದು ಬಾರಿ ಈ ಹುದ್ದೆಯಲ್ಲಿದ್ದರು ಎಂಬ ಸಂಗತಿಯನ್ನು ಹೇಳಿದರೆ ಅವಧಿ ನಿಶ್ಚಿತವಲ್ಲ ಎಂಬುದು ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

165ನೇ ವಿಧಿಯ ಜೊತೆಗೆ 177ನೇ ವಿಧಿಯನ್ನೂ ಓದಬೇಕು. ಅದರ ಪ್ರಕಾರ ಅಡ್ವೊಕೇಟ್ ಜನರಲ್ ವಿಧಾನಸಭೆಯಲ್ಲಿ, ವಿಧಾನ ಪರಿಷತ್ತು ಇರುವ ರಾಜ್ಯದಲ್ಲಿ ಎರಡೂ ಸದನಗಳಲ್ಲಿ, ಮಾತನಾಡಬಹುದು, ಕಲಾಪದಲ್ಲಿ ಭಾಗವಹಿಸಬಹುದು; ತಮ್ಮನ್ನು ಸದಸ್ಯರೆಂದು ಹೆಸರಿಸಿದ ಸಮಿತಿಯಲ್ಲಿಯೂ ಕೂರಬಹುದು. ಆದರೆ ಮತ ಹಾಕುವಂತಿಲ್ಲ. ಕರ್ನಾಟಕದಲ್ಲಿ ಎರಡು ಸದನಗಳಿರುವುದರಿಂದ ನಮ್ಮ ಅಡ್ವೊಕೇಟ್ ಜನರಲ್‌ಗೆ ಎರಡು ಕಡೆಯೂ ಮಾತಿನ ಹಕ್ಕುಂಟು.

ಇನ್ನೊಂದು ಎಚ್ಚರಿಕೆ. ರಾಜ್ಯದ ಎಲ್ಲ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕನ್ನು 165ನೇ ವಿಧಿಯೇ ಕೊಡುತ್ತದೆ ಎಂದು ಹಲವು ಪಾಠಯೋಜನೆಗಳಲ್ಲಿ ಬರೆದಿರುವುದನ್ನು ನೋಡಿದ್ದೇನೆ. ದೇಶದ ಎಲ್ಲ ನ್ಯಾಯಾಲಯಗಳಲ್ಲಿ ವಾದಿಸುವ ಹಕ್ಕನ್ನು ಭಾರತದ ಅಟಾರ್ನಿ ಜನರಲ್‌ಗೆ 76ನೇ ವಿಧಿ ಸ್ಪಷ್ಟ ಮಾತಿನಲ್ಲಿ ಕೊಟ್ಟಿದೆ. 165ರಲ್ಲಿ ಅಂಥ ವಾಕ್ಯವಿಲ್ಲ. ಅಡ್ವೊಕೇಟ್ ಜನರಲ್ ನ್ಯಾಯಾಲಯದಲ್ಲಿ ನಿಲ್ಲುವುದು ವಕೀಲರಾಗಿ, ಸರ್ಕಾರ ವಹಿಸಿದ ಕೆಲಸವಾಗಿ. ಅವರಿಗೆ ಅಲ್ಲಿ ಸಿಗುವ ವಿಶೇಷ ಗೌರವ 1961ರ ವಕೀಲರ ಅಧಿನಿಯಮದ 23ನೇ ಪ್ರಕರಣದಿಂದ ಬಂದದ್ದು: ಅಟಾರ್ನಿ ಜನರಲ್, ಸಾಲಿಸಿಟರ್ ಜನರಲ್ ಮತ್ತು ಅಡಿಷನಲ್ ಸಾಲಿಸಿಟರ್ ಜನರಲ್‌ಗಳ ನಂತರ, ಉಳಿದೆಲ್ಲ ವಕೀಲರಿಗಿಂತ ಮೊದಲು ಮಾತನಾಡುವ ಹಕ್ಕು ರಾಜ್ಯಗಳ ಅಡ್ವೊಕೇಟ್ ಜನರಲ್‌ಗಳದ್ದು. ಅದೇ ಅಧಿನಿಯಮದಂತೆ ಅವರು ರಾಜ್ಯ ವಕೀಲರ ಪರಿಷತ್ತಿನ ಪದನಿಮಿತ್ತ ಸದಸ್ಯರೂ ಹೌದು.

ಬೇರೆ ಕಾನೂನುಗಳು ಕೊಟ್ಟ ಅಧಿಕಾರ

‘ಬೇರಾವುದೇ ಕಾನೂನು’ ಎಂದು ಗುರುತು ಹಾಕಿಕೊಂಡ ಮಾತಿಗೆ ಈಗ ಬರೋಣ. ಪಠ್ಯಪುಸ್ತಕ ಮುಟ್ಟದ, ಆದರೆ ಪಾಠಕ್ಕೆ ಜೀವ ತುಂಬುವ ಭಾಗ ಇದು.

ಮೊದಲನೆಯದು 1971ರ ನ್ಯಾಯಾಲಯ ನಿಂದನೆ ಅಧಿನಿಯಮ. ಯಾರಾದರೂ ನ್ಯಾಯಾಲಯಕ್ಕೆ ಕಳಂಕ ಹಚ್ಚುವಂತೆ ಬರೆದರೆ, ನ್ಯಾಯದಾನಕ್ಕೆ ಅಡ್ಡಿ ಮಾಡಿದರೆ ಅದು ಕ್ರಿಮಿನಲ್ ನಿಂದನೆ. ಹೈಕೋರ್ಟು ತಾನಾಗಿಯೇ ಕ್ರಮಕ್ಕೆ ಮುಂದಾಗಬಹುದು. ಅಡ್ವೊಕೇಟ್ ಜನರಲ್ ಅರ್ಜಿ ಹಾಕಬಹುದು. ಬೇರೆ ಯಾರೇ ಹಾಕುವುದಾದರೂ ಅಡ್ವೊಕೇಟ್ ಜನರಲ್ ಅವರ ಲಿಖಿತ ಒಪ್ಪಿಗೆ ಬೇಕು. ಕಂಡಕಂಡವರೆಲ್ಲ ವೈಯಕ್ತಿಕ ದ್ವೇಷಕ್ಕೆ ನಿಂದನೆ ಅರ್ಜಿ ಹಾಕದಿರಲಿ ಎಂದು ಬಾಗಿಲಲ್ಲಿ ಒಬ್ಬ ಕಾವಲುಗಾರರನ್ನು ಕಾನೂನು ನಿಲ್ಲಿಸಿದೆ. ಆದರೆ ಕೋರ್ಟಿನ ಆದೇಶವನ್ನು ಪಾಲಿಸದಿರುವುದು ಸಿವಿಲ್ ನಿಂದನೆ. ಅದಕ್ಕೆ ಈ ಒಪ್ಪಿಗೆ ಬೇಕಿಲ್ಲ. ಈ ವ್ಯತ್ಯಾಸವನ್ನು ಶಿಕ್ಷಕರು ಖಚಿತವಾಗಿ ತಿಳಿದಿರಬೇಕು.

ಎರಡನೆಯದು ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಪ್ರಕರಣ. ಸಾರ್ವಜನಿಕರಿಗೆ ತೊಂದರೆಯಾಗುವ ಉಪದ್ರವ ನಡೆಯುತ್ತಿದ್ದರೆ ಅದನ್ನು ನಿಲ್ಲಿಸಲು ಅಡ್ವೊಕೇಟ್ ಜನರಲ್ ದಾವೆ ಹೂಡಬಹುದು. ನ್ಯಾಯಾಲಯದ ಅನುಮತಿ ಪಡೆದು ಇಬ್ಬರು ಅಥವಾ ಹೆಚ್ಚು ಮಂದಿ ನಾಗರಿಕರೂ ಹೂಡಬಹುದು. ಅವರಿಗೆ ಸ್ವಂತವಾಗಿ ವಿಶೇಷ ನಷ್ಟವಾಗಿರಬೇಕೆಂದಿಲ್ಲ. ಹಿಂದೆ ನಾಗರಿಕರಿಗೆ ಅಡ್ವೊಕೇಟ್ ಜನರಲ್ ಅವರ ಒಪ್ಪಿಗೆ ಬೇಕಿತ್ತು. 1976ರ ತಿದ್ದುಪಡಿ ಆ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿತು. 92ನೇ ಪ್ರಕರಣ ಸಾರ್ವಜನಿಕ ಧರ್ಮಾದಾಯ ಟ್ರಸ್ಟುಗಳದ್ದು: ಬಡ ವಿದ್ಯಾರ್ಥಿಗಳ ವಸತಿಗೆಂದು ಯಾರೋ ಬಿಟ್ಟುಹೋದ ಟ್ರಸ್ಟಿನ ಹಣ ದುರುಪಯೋಗವಾದರೆ ಅಡ್ವೊಕೇಟ್ ಜನರಲ್, ಅಥವಾ ನ್ಯಾಯಾಲಯದ ಅನುಮತಿಯೊಡನೆ ಅದರಲ್ಲಿ ಹಿತಾಸಕ್ತಿಯುಳ್ಳ ಇಬ್ಬರು, ದಾವೆ ಹೂಡಬಹುದು. ಸರ್ಕಾರದ ಪೂರ್ವಾನುಮತಿಯಿಂದ ಈ ಅಧಿಕಾರಗಳನ್ನು ಜಿಲ್ಲಾಧಿಕಾರಿಯೂ ಚಲಾಯಿಸಲು 93ನೇ ಪ್ರಕರಣದಲ್ಲಿ ಅವಕಾಶವಿದೆ.

ಮೂರನೆಯದು ಅದೇ ಸಂಹಿತೆಯ 27ಎ ಆದೇಶ. ದಾವೆಯೊಂದರಲ್ಲಿ ಸಂವಿಧಾನದ ಅರ್ಥವಿವರಣೆಯ ಮಹತ್ವದ ಪ್ರಶ್ನೆ ಎದ್ದು, ಅದು ರಾಜ್ಯ ಸರ್ಕಾರಕ್ಕೆ ಸಂಬಂಧಿಸಿದ್ದಾದರೆ, ಅಡ್ವೊಕೇಟ್ ಜನರಲ್‌ಗೆ ನೋಟಿಸು ಕೊಡದೆ ನ್ಯಾಯಾಲಯ ಅದನ್ನು ತೀರ್ಮಾನಿಸುವಂತಿಲ್ಲ.

ಈ ಮೂರನ್ನು ಒಟ್ಟಿಗೆ ನೋಡಿದರೆ ಹುದ್ದೆಯ ಎರಡು ಮುಖಗಳು ಕಾಣುತ್ತವೆ. ಒಂದು, ಸರ್ಕಾರವೆಂಬ ಕಕ್ಷಿದಾರರ ವಕೀಲರು. ಇನ್ನೊಂದು, ನ್ಯಾಯಾಲಯದ ಗೌರವ, ಊರಿನ ಗಾಳಿ ನೀರು ದಾರಿ, ಧರ್ಮಾದಾಯದ ಹಣ ಇವುಗಳಿಗೆ ಧಕ್ಕೆ ಬಂದಾಗ ಸಮಾಜದ ಪರವಾಗಿ ನಿಲ್ಲಲು ಕಾನೂನು ಹೆಸರಿಸಿದ ವ್ಯಕ್ತಿ. ಪಾಠದ ತಿರುಳು ಇದೇ.

ಹೆಸರುಗಳ ಗೊಂದಲ

ಪತ್ರಿಕೆಗಳಲ್ಲಿ ‘ಎ.ಜಿ.’ ಎಂದು ಮೊಟಕಾಗಿ ಬರೆಯುತ್ತಾರೆ. ಆ ಎರಡಕ್ಷರಕ್ಕೆ ಮೂವರು ಹಕ್ಕುದಾರರಿದ್ದಾರೆ. ಅಟಾರ್ನಿ ಜನರಲ್ ಕೇಂದ್ರ ಸರ್ಕಾರದ ಕಾನೂನು ಸಲಹೆಗಾರರು (76ನೇ ವಿಧಿ; ನೇಮಿಸುವವರು ರಾಷ್ಟ್ರಪತಿ). ಅಡ್ವೊಕೇಟ್ ಜನರಲ್ ರಾಜ್ಯದವರು (165ನೇ ವಿಧಿ, ನೇಮಿಸುವವರು ರಾಜ್ಯಪಾಲರು). ಅಕೌಂಟೆಂಟ್ ಜನರಲ್ ವಕೀಲರೇ ಅಲ್ಲ. ಮಹಾಲೇಖಪಾಲರ ಅಧೀನದಲ್ಲಿ ಲೆಕ್ಕ ಮತ್ತು ಲೆಕ್ಕಪರಿಶೋಧನೆ ನೋಡುವವರು. ಬೆಂಗಳೂರಿನಲ್ಲಿ ಹಿರಿಯರು ‘ಎ.ಜಿ. ಆಫೀಸು’ ಎಂದರೆ ಬಹುಪಾಲು ಈ ಮೂರನೆಯವರ ಕಚೇರಿ. ನಿವೃತ್ತ ಶಿಕ್ಷಕರ ಪಿಂಚಣಿ ಕಾಗದ ಹೋಗುವುದೂ ಅಲ್ಲಿಗೇ. ಹೀಗಾಗಿ ಶಿಕ್ಷಕರ ಮನೆಯ ಮಕ್ಕಳಿಗೆ ಈ ಗೊಂದಲ ಇನ್ನೂ ಹೆಚ್ಚು.

ಪಬ್ಲಿಕ್ ಪ್ರಾಸಿಕ್ಯೂಟರ್ ಎಂಬ ನಾಲ್ಕನೆಯವರನ್ನೂ ಬೇರ್ಪಡಿಸಿ ತೋರಿಸಬೇಕು. ಕಳವು, ಹಲ್ಲೆ, ಕೊಲೆ ಮೊಕದ್ದಮೆಗಳಲ್ಲಿ ಸರ್ಕಾರದ ಪರ ವಾದಿಸುವ ಅಭಿಯೋಜಕರು ಅವರು. ಅವರ ನೇಮಕ ದಂಡ ಪ್ರಕ್ರಿಯೆಯ ಕಾನೂನಿನಡಿ ಆಗುತ್ತದೆ, 165ನೇ ವಿಧಿಯಡಿ ಅಲ್ಲ. ಹೈಕೋರ್ಟಿನಲ್ಲಿ ಸರ್ಕಾರದ ಮೊಕದ್ದಮೆಗಳನ್ನು ಅಡ್ವೊಕೇಟ್ ಜನರಲ್ ಒಬ್ಬರೇ ನಡೆಸಲಾರರು. ಬೆಂಗಳೂರಿನ ಜೊತೆಗೆ ಧಾರವಾಡ, ಕಲಬುರಗಿಗಳಲ್ಲೂ ಹೈಕೋರ್ಟ್ ಪೀಠಗಳಿವೆ. ಆದ್ದರಿಂದ ಹೆಚ್ಚುವರಿ ಅಡ್ವೊಕೇಟ್ ಜನರಲ್‌ಗಳು, ಸರ್ಕಾರಿ ವಕೀಲರು ಇರುತ್ತಾರೆ. ಆದರೆ ಸಂವಿಧಾನ ಹೇಳುವ ಅಡ್ವೊಕೇಟ್ ಜನರಲ್ ಒಬ್ಬರೇ.

ಅಂತರ್ಜಾಲದ ಪಾಠ ಸಾಮಗ್ರಿಯಲ್ಲಿ ಎಡವುವ ಜಾಗ

ಪ್ರಶಿಕ್ಷಣಾರ್ಥಿಯೊಬ್ಬರ ಪಾಠಯೋಜನೆಯಲ್ಲಿ “ಗ್ರಾಹಕರ ದೂರುಗಳನ್ನು ಸ್ವೀಕರಿಸಿ ಕಂಪನಿಗಳ ಮೇಲೆ ಮೊಕದ್ದಮೆ ಹೂಡುವುದು” ಎಂಬ ಕರ್ತವ್ಯ ಸೇರಿತ್ತು. ಎಲ್ಲಿಂದ ಬಂತೆಂದು ಕೇಳಿದೆ. ‘ಸ್ಟೇಟ್ ಅಟಾರ್ನಿ ಜನರಲ್’ ಎಂದು ಹುಡುಕಿದಾಗ ಸಿಕ್ಕಿತಂತೆ. ಅದು ಅಮೆರಿಕದ ಹುದ್ದೆ. ಹೆಸರು ಹತ್ತಿರ, ಸ್ವರೂಪ ದೂರ. ಅಲ್ಲಿನ 50 ರಾಜ್ಯಗಳ ಪೈಕಿ 43ರಲ್ಲಿ ಅಟಾರ್ನಿ ಜನರಲ್ ಅವರನ್ನು ಜನರೇ ಚುನಾಯಿಸುತ್ತಾರೆ. ಐದರಲ್ಲಿ ಗವರ್ನರ್ ನೇಮಿಸುತ್ತಾರೆ. ಮೇಯ್ನ್ ರಾಜ್ಯದಲ್ಲಿ ಶಾಸಕಾಂಗ, ಟೆನೆಸ್ಸಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆರಿಸುತ್ತದೆ. ಜನರಿಂದ ಆಯ್ಕೆಯಾಗಿ ಬಂದವರು ಗವರ್ನರ್ ಅವರ ಪಕ್ಷಕ್ಕೆ ಸೇರಿರಬೇಕೆಂದಿಲ್ಲ. ಅವರು ಗ್ರಾಹಕ ರಕ್ಷಣೆಯಂಥ ಕೆಲಸಗಳಲ್ಲಿ ತಾವೇ ಮುಂದಾಗುತ್ತಾರೆ. 1998ರಲ್ಲಿ 46 ರಾಜ್ಯಗಳ ಅಟಾರ್ನಿ ಜನರಲ್‌ಗಳು ಒಟ್ಟಾಗಿ ಅಲ್ಲಿನ ನಾಲ್ಕು ದೊಡ್ಡ ತಂಬಾಕು ಕಂಪನಿಗಳಿಂದ ಭಾರಿ ಮೊತ್ತದ ಪರಿಹಾರದ ಒಪ್ಪಂದ ಮಾಡಿಸಿದ್ದು ಇದಕ್ಕೆ ಹೆಸರಾದ ನಿದರ್ಶನ.

ನಮ್ಮಲ್ಲಿ ಗ್ರಾಹಕರ ದೂರು ಹೋಗುವುದು ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ. ನಮ್ಮ ಅಡ್ವೊಕೇಟ್ ಜನರಲ್ ಚುನಾಯಿತರಲ್ಲ. ಈ ಹೋಲಿಕೆಯನ್ನು ಒಂಬತ್ತನೆಯ ತರಗತಿಗೆ ಒಯ್ಯಬೇಕಿಲ್ಲ. ಪದವಿಪೂರ್ವ ತರಗತಿಯ ರಾಜ್ಯಶಾಸ್ತ್ರಕ್ಕೆ ಒಳ್ಳೆಯ ಚರ್ಚಾವಿಷಯವಾಗುತ್ತದೆ: ಸರ್ಕಾರದ ವಕೀಲರನ್ನು ಸರ್ಕಾರವೇ ನೇಮಿಸುವುದು ಮೇಲೋ, ಜನ ಆರಿಸುವುದು ಮೇಲೋ?

ಪಾಠಯೋಜನೆ

ತರಗತಿ 9; ಅವಧಿ 40 ನಿಮಿಷ. ಕಲಿಕಾಫಲಗಳು ಮೂರು ಸಾಕು: ವಿದ್ಯಾರ್ಥಿ ಅಡ್ವೊಕೇಟ್ ಜನರಲ್ ಅವರ ನೇಮಕ, ಅರ್ಹತೆ, ಅವಧಿಯನ್ನು ಹೇಳುತ್ತಾನೆ/ಳೆ, ಕೊಟ್ಟ ಸಂದರ್ಭದಲ್ಲಿ ಅವರು ಏನು ಮಾಡಬಹುದು, ಏನು ಮಾಡಲಾಗದು ಎಂದು ಕಾರಣಸಹಿತ ನಿರ್ಧರಿಸುತ್ತಾನೆ/ಳೆ, ಸರ್ಕಾರದ ವಕೀಲರಿಗೂ ನಾಗರಿಕರ ವಕೀಲರಿಗೂ ಇರುವ ವ್ಯತ್ಯಾಸವನ್ನು ಗುರುತಿಸುತ್ತಾನೆ/ಳೆ.

ಪ್ರೇರಣೆ (5 ನಿಮಿಷ). “ನಿಮ್ಮ ಮನೆಯ ಜಾಗದ ತಕರಾರಿಗೆ ನಿಮ್ಮ ತಂದೆ ಯಾರ ಹತ್ತಿರ ಹೋಗುತ್ತಾರೆ?” ಉತ್ತರ: ವಕೀಲರ ಹತ್ತಿರ. “ಸರ್ಕಾರದ ಮೇಲೇ ಯಾರಾದರೂ ಕೇಸು ಹಾಕಿದರೆ ಸರ್ಕಾರ ಯಾರ ಹತ್ತಿರ ಹೋಗಬೇಕು?” ಇಷ್ಟು ಸಾಕು, ಪಾಠ ಶುರುವಾಗುತ್ತದೆ.

ಓದು (10 ನಿಮಿಷ). 165ನೇ ವಿಧಿಯ ಮೂರು ಖಂಡಗಳನ್ನು ಸರಳ ಕನ್ನಡದಲ್ಲಿ ಮೂರು ಮಿಂಚುಪಟ್ಟಿಗಳ ಮೇಲೆ ಬರೆದು ಮೂರು ಗುಂಪುಗಳಿಗೆ ಕೊಡಿ. ಪ್ರತಿ ಗುಂಪು ಓದಿ ಒಂದೊಂದು ಪ್ರಶ್ನೆ ತಯಾರಿಸಿ ಬೇರೆ ಗುಂಪಿಗೆ ಕೇಳಲಿ. ನೇಮಕದ ಖಂಡಕ್ಕೆ ಒಂದು ವ್ಯಕ್ತಿಚಿತ್ರ ಜೋಡಿಸಬಹುದು: ಮಂಡ್ಯ ಜಿಲ್ಲೆಯ ಹಳ್ಳಿಯೊಂದರಿಂದ ಬಂದ ಇ.ಎಸ್. ವೆಂಕಟರಾಮಯ್ಯ ಅವರು 1970ರಲ್ಲಿ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್ ಆಗಿದ್ದರು, ಅದೇ ವರ್ಷ ಹೈಕೋರ್ಟ್ ನ್ಯಾಯಾಧೀಶರಾದರು, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದರು. ‘ನ್ಯಾಯಾಧೀಶರಾಗಲು ಅರ್ಹತೆ’ ಎಂಬ ಮಾತಿಗೆ ಇದಕ್ಕಿಂತ ಚೆನ್ನಾದ ವಿವರಣೆ ಬೇಕಿಲ್ಲ.

ಸಂದರ್ಭಗಳ ಕಾರ್ಡುಗಳು (15 ನಿಮಿಷ). ಪ್ರತಿ ಗುಂಪಿಗೆ ಎರಡೆರಡು ಕಾರ್ಡು. ಗುಂಪು ‘ಮಾಡಬಹುದು’, ‘ಮಾಡಲಾಗದು’, ‘ಅವರ ಒಪ್ಪಿಗೆ ಬೇಕು’ ಎಂಬ ಮೂರರಲ್ಲಿ ಒಂದನ್ನು ಆರಿಸಿ ಕಾರಣ ಹೇಳಬೇಕು.

1. ಹೊಸ ಮಸೂದೆ ತರುವ ಮುನ್ನ ಅದು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ಸರ್ಕಾರ ಕೇಳುತ್ತದೆ. (ಮಾಡಬಹುದು, ಸಲಹೆ ಕೊಡುವುದೇ ಅವರ ಮೊದಲ ಕರ್ತವ್ಯ. ಆದರೆ ಸಲಹೆಯನ್ನು ಒಪ್ಪಲೇಬೇಕೆಂಬ ಕಟ್ಟು ಸರ್ಕಾರಕ್ಕಿಲ್ಲ.)

2. ವಿಧಾನ ಪರಿಷತ್ತಿನಲ್ಲಿ ಆ ಮಸೂದೆಯ ಬಗ್ಗೆ ವಿವರಿಸಿ, ಕೊನೆಗೆ ಮತ ಹಾಕಲು ಕೈ ಎತ್ತುತ್ತಾರೆ. (ವಿವರಣೆ ಸರಿ, ಮತ ಹಾಕಲಾಗದು.)

3. ನ್ಯಾಯಾಲಯಕ್ಕೆ ಕಳಂಕ ತರುವ ಕರಪತ್ರ ಹಂಚಿದವರ ಮೇಲೆ ಕ್ರಮ ಬೇಕೆಂದು ನಿವೃತ್ತ ಶಿಕ್ಷಕರೊಬ್ಬರು ಹೈಕೋರ್ಟಿಗೆ ಹೋಗಬೇಕೆಂದಿದ್ದಾರೆ. (ಒಪ್ಪಿಗೆ ಬೇಕು.)

4. ಕಾರ್ಖಾನೆಯ ಕೊಳಚೆ ಊರಿನ ಕೆರೆಗೆ ಹರಿಯುತ್ತಿದೆ. (ದಾವೆ ಹೂಡಬಹುದು, ನ್ಯಾಯಾಲಯದ ಅನುಮತಿಯೊಡನೆ ಊರಿನ ಇಬ್ಬರೂ ಹೂಡಬಹುದು.)

5. ತಾಲ್ಲೂಕು ಕೋರ್ಟಿನಲ್ಲಿ ಸೈಕಲ್ ಕಳವಿನ ಮೊಕದ್ದಮೆ. (ಅವರ ಕೆಲಸವಲ್ಲ, ಅದು ಅಭಿಯೋಜಕರದ್ದು.)

6. ಕಾಲೇಜು ಶುಲ್ಕದ ಬಗ್ಗೆ ವಿದ್ಯಾರ್ಥಿ ಸಂಘವೊಂದು ಅವರ ಕಾನೂನು ಸಲಹೆ ಕೇಳುತ್ತದೆ. (ಹುದ್ದೆಯ ಕರ್ತವ್ಯವಾಗಿ ಸಲಹೆ ಕೊಡಬೇಕಾದ್ದು ಸರ್ಕಾರಕ್ಕೆ ಮಾತ್ರ.)

ನಾಲ್ಕನೆಯ ಕಾರ್ಡಿನ ಕೆರೆಗೆ ಶಾಲೆಯ ಊರಿನ ನಿಜವಾದ ಕೆರೆಯ ಹೆಸರನ್ನು ಇಡಬೇಡಿ. ಚರ್ಚೆ ಯಾರದೋ ಮನೆಯ ಮೇಲೆ ತಿರುಗುತ್ತದೆ.

ಕ್ರೋಡೀಕರಣ (5 ನಿಮಿಷ). ಕಪ್ಪುಹಲಗೆಯ ಮೇಲೆ ಎರಡು ಅಂಕಣ: ‘ಸರ್ಕಾರದ ವಕೀಲರಾಗಿ’, ‘ಸಮಾಜದ ಪರವಾಗಿ’. ಆರು ಕಾರ್ಡುಗಳಲ್ಲಿ ಯಾವುದು ಯಾವ ಅಂಕಣಕ್ಕೆ, ಯಾವುದು ಎರಡಕ್ಕೂ ಸೇರದು ಎಂದು ಮಕ್ಕಳೇ ಹೇಳಲಿ. ಕೊನೆಯ 5 ನಿಮಿಷ ಮೌಲ್ಯಮಾಪನಕ್ಕೆ.

ಬಿಡುವಿದ್ದರೆ ಕೇಶವಾನಂದ ಭಾರತಿ ಮೊಕದ್ದಮೆಯನ್ನು ವಿಸ್ತರಣೆಯಾಗಿ ಹೇಳಬಹುದು. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿಯವರು ಕೇರಳದ ಭೂಸುಧಾರಣಾ ಕಾನೂನಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದಾಗ ಕೇರಳ ಸರ್ಕಾರದ ಪರ ನಿಂತವರು ಎಚ್.ಎಂ. ಸೀರ್ವಾಯಿ, ಆಗ ಅವರು ಮಹಾರಾಷ್ಟ್ರದ ಅಡ್ವೊಕೇಟ್ ಜನರಲ್. 13 ನ್ಯಾಯಾಧೀಶರ ಪೀಠ 68 ದಿನ ವಾದ ಕೇಳಿ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಪ್ರಜೆಯೊಬ್ಬರು ಸರ್ಕಾರವನ್ನು ಪ್ರಶ್ನಿಸಿದಾಗ ಸರ್ಕಾರವೂ ವಕೀಲರ ಮೂಲಕ ನ್ಯಾಯಾಲಯಕ್ಕೆ ಉತ್ತರ ಕೊಡಬೇಕು ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ನಮ್ಮಲ್ಲಿಲ್ಲ.

ತರಗತಿಯಲ್ಲಿ ಎದ್ದ ಪ್ರಶ್ನೆ

ಈ ಯೋಜನೆಯ ಮೊದಲ ರೂಪವನ್ನು ಪ್ರಶಿಕ್ಷಣಾರ್ಥಿಯೊಬ್ಬರು ಗ್ರಾಮಾಂತರ ಪ್ರೌಢಶಾಲೆಯೊಂದರಲ್ಲಿ ಬೋಧಿಸಿದರು. ನಾನು ಹಿಂದಿನ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ಕುಳಿತಿದ್ದೆ. ಕಾರ್ಡುಗಳ ಚಟುವಟಿಕೆ ಚೆನ್ನಾಗಿ ನಡೆಯಿತು. ಕ್ರೋಡೀಕರಣದ ಹೊತ್ತಿಗೆ ಮೂರನೆಯ ಸಾಲಿನ ಹುಡುಗಿಯೊಬ್ಬಳು ಎದ್ದಳು.

“ಮಿಸ್, ರಸ್ತೆಗೆ ಅಂತ ನಮ್ಮ ಹೊಲ ತಗಂಡವ್ರೆ. ನಮ್ಮಪ್ಪ ಹೈಕೋರ್ಟಲ್ಲಿ ಕೇಸ್ ಹಾಕವ್ರೆ. ಇವ್ರು ನಮ್ ಕಡೆ ನಿಂತ್ಕತಾರಾ, ಸರ್ಕಾರದ ಕಡೆಯಾ?”

ಪ್ರಶಿಕ್ಷಣಾರ್ಥಿ ಒಂದು ಕ್ಷಣ ಸುಮ್ಮನಾದರು. ಆಮೇಲೆ, “ಸರ್ಕಾರದ ಕಡೆಮ್ಮ. ಅವರ ಕಚೇರಿಯ ವಕೀಲರು ಸರ್ಕಾರದ ಪರ ಮಾತಾಡ್ತಾರೆ,” ಎಂದರು.

“ಹಂಗಾದ್ರೆ ನಮ್ಗ್ಯಾರು?”

ತರಗತಿ ನಿಶ್ಶಬ್ದವಾಯಿತು. ಆಕೆ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು ಹೇಳಿದ ಮಾತುಗಳನ್ನು ನಾನು ವೀಕ್ಷಣಾ ಪುಸ್ತಕದಲ್ಲಿ ಹಾಗೆಯೇ ಬರೆದುಕೊಂಡೆ: “ನಿಮಗೆ ನಿಮ್ಮ ವಕೀಲರು. ವಕೀಲರನ್ನ ಇಡೋಕೆ ದುಡ್ಡಿಲ್ಲ ಅಂದ್ರೆ ವಕೀಲರನ್ನ ಕೊಡೋದು ಕಾನೂನು ಸೇವಾ ಪ್ರಾಧಿಕಾರದ ಕೆಲಸ. ಇಬ್ಬರ ಮಾತನ್ನೂ ಕೇಳಿ ತೀರ್ಮಾನ ಮಾಡೋರು ಜಡ್ಜು. ಸರ್ಕಾರದ ವಕೀಲರು ಜಡ್ಜಿಗೆ ಸುಳ್ಳು ಹೇಳೋ ಹಾಗಿಲ್ಲ.”

ಉತ್ತರ ಸಾಕಾಗಿತ್ತು. ಆದರೆ ಅದು ಯೋಜನೆಯಲ್ಲಿ ಇರಲಿಲ್ಲ, ಆಕೆಯ ಸಮಯಸ್ಫೂರ್ತಿಯಿಂದ ಬಂತು. ಪಾಠದ ನಂತರದ ಚರ್ಚೆಯಲ್ಲಿ ಇದನ್ನು ಯೋಜನೆಯ ಒಳಗೇ ತರಬೇಕೆಂದು ತೀರ್ಮಾನಿಸಿದೆವು. ಮೂರನೆಯ ಕಲಿಕಾಫಲ ಮೇಲೆ ಸೇರಿದ್ದು ಹೀಗೆ. ಸರ್ಕಾರಕ್ಕೆ ದೊಡ್ಡ ವಕೀಲರಿದ್ದಾರೆ ಎಂದು ಹೇಳಿ ಪಾಠ ಮುಗಿಸಿದರೆ ಜಮೀನು ಕಳೆದುಕೊಂಡ ಮನೆಯ ಮಗು ಅರ್ಧ ಪಾಠ ಹೊತ್ತುಕೊಂಡು ಹೋಗುತ್ತದೆ, ಆ ಅರ್ಧ ಹೆದರಿಕೆಯ ಅರ್ಧ.

ಆದ್ದರಿಂದ ಕ್ರೋಡೀಕರಣದಲ್ಲಿ ಮೂರನೆಯ ಅಂಕಣ ಬೇಕು: ‘ನಾಗರಿಕರ ಪರ ಯಾರು?’ ಅದರಲ್ಲಿ ಬರೆಯಬೇಕಾದವು ಇಷ್ಟು. ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಹೊಣೆಯೆಂದು ಹೇಳುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೇ ಪ್ರಕರಣದಂತೆ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು, ವಿಪತ್ತಿಗೆ ಒಳಗಾದವರು, ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ನೆರವಿಗೆ ಅರ್ಹರು. ತಾಲ್ಲೂಕಿನಲ್ಲಿ ಸಮಿತಿ, ಜಿಲ್ಲೆ ಮತ್ತು ರಾಜ್ಯದಲ್ಲಿ ಪ್ರಾಧಿಕಾರ, ಹೈಕೋರ್ಟಿಗೂ ಒಂದು ಸಮಿತಿ ಇದೆ. ಸಹಾಯವಾಣಿ 15100. ಈ ಸಂಖ್ಯೆಯನ್ನು ಮಕ್ಕಳು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಲಿ. ಮನೆಯಲ್ಲಿ ಯಾರಿಗಾದರೂ ಬೇಕಾದೀತು.

ಇಂಥ ಪ್ರಶ್ನೆ ಎದ್ದಾಗ ಪಾಲಿಸಬೇಕಾದ ಮೂರು ಕಟ್ಟಳೆಗಳನ್ನು ನಾವು ಮಾಡಿಕೊಂಡಿದ್ದೇವೆ. ಮಗುವಿನ ಮನೆಯ ಕೇಸಿನ ವಿವರವನ್ನು ತರಗತಿಯ ಎದುರು ಕೆದಕಬಾರದು. ಗೆಲ್ಲುತ್ತದೆ, ಸೋಲುತ್ತದೆ ಎಂದು ಶಿಕ್ಷಕರು ಹೇಳಬಾರದು. ‘ಸರ್ಕಾರದ ವಿರುದ್ಧ ಕೇಸು ಹಾಕುವುದು ತಪ್ಪು’ ಎಂಬ ಭಾವ ಮಾತಿನಲ್ಲಾಗಲಿ ಮುಖದಲ್ಲಾಗಲಿ ಕಾಣಬಾರದು. ಅದು ಪ್ರಜೆಯ ಹಕ್ಕು. ಎದುರಿಗೆ ಅಡ್ವೊಕೇಟ್ ಜನರಲ್ ಎಂಬ ಹುದ್ದೆಯನ್ನು ಸಂವಿಧಾನ ನಿಲ್ಲಿಸಿರುವುದೇ ಸರ್ಕಾರವೂ ಪ್ರಶ್ನೆಗೆ ಒಳಪಟ್ಟಿದೆ ಎಂಬುದಕ್ಕೆ ಸಾಕ್ಷಿ.

ಮೌಲ್ಯಮಾಪನ ಮತ್ತು ನಿಯೋಜಿತ ಕಾರ್ಯ

‘ನೇಮಿಸುವವರು ಯಾರು?’ ಎಂಬ ಒಂದು ಅಂಕದ ಪ್ರಶ್ನೆ ಇರಲಿ, ಅದೊಂದೇ ಬೇಡ. ಇವನ್ನೂ ಕೇಳಬಹುದು:

ಅಡ್ವೊಕೇಟ್ ಜನರಲ್ ವಿಧಾನಸಭೆಯಲ್ಲಿ ಮಾತನಾಡಬಹುದು, ಮತ ಹಾಕುವಂತಿಲ್ಲ. ಏಕಿರಬಹುದು?

ಕೆರೆಯ ನೀರು ಕೆಟ್ಟರೆ ಊರಿನ ಇಬ್ಬರು ನ್ಯಾಯಾಲಯದ ಮೊರೆ ಹೋಗಲು ಏನು ಬೇಕು?

ಸರ್ಕಾರದ ವಕೀಲರು ಮತ್ತು ನ್ಯಾಯಾಧೀಶರ ನಡುವಿನ ಎರಡು ವ್ಯತ್ಯಾಸ ಬರೆಯಿರಿ.

ನಿಯೋಜಿತ ಕಾರ್ಯ: ಒಂದು ವಾರದ ದಿನಪತ್ರಿಕೆಗಳಲ್ಲಿ ‘ಅಡ್ವೊಕೇಟ್ ಜನರಲ್’, ‘ಅಟಾರ್ನಿ ಜನರಲ್’, ‘ಸರ್ಕಾರಿ ಅಭಿಯೋಜಕರು’ ಎಂಬ ಪದಗಳು ಬಂದ ಸುದ್ದಿಗಳನ್ನು ಕತ್ತರಿಸಿ ಅಂಟಿಸಿ, ಅವರು ಯಾವ ನ್ಯಾಯಾಲಯದಲ್ಲಿ ಯಾರ ಪರ ಮಾತನಾಡಿದರು ಎಂದು ಕೆಳಗೆ ಒಂದು ಸಾಲು ಬರೆಯುವುದು.

ಮಾರ್ಗದರ್ಶಕ ಶಿಕ್ಷಕರಲ್ಲಿ ಒಂದು ವಿನಂತಿ. ಈ ಪಾಠವನ್ನು ವೀಕ್ಷಿಸುವಾಗ ಅಂಕಪಟ್ಟಿಯ ಕಲಮುಗಳ ಜೊತೆಗೆ ಒಂದನ್ನು ಸೇರಿಸಿಕೊಳ್ಳಿ: ಪಾಠದಲ್ಲಿ ನಾಗರಿಕರ ಪಕ್ಷ ಬಂದಿತೇ? ಬರದಿದ್ದರೆ ಮುಂದಿನ ಅವಧಿಯ ಮೊದಲ ಐದು ನಿಮಿಷವನ್ನು ಅದಕ್ಕೆ ಬಿಡಿಸಿ. ಪ್ರಶಿಕ್ಷಣಾರ್ಥಿಗಳು ತಮ್ಮ ತಾಲ್ಲೂಕಿನ ಕಾನೂನು ಸೇವಾ ಸಮಿತಿ ಎಲ್ಲಿದೆ ಎಂದು ಮೊದಲೇ ತಿಳಿದುಕೊಂಡು ತರಗತಿಗೆ ಹೋಗಲಿ. ಬಹುಮಟ್ಟಿಗೆ ಅದು ನ್ಯಾಯಾಲಯದ ಆವರಣದಲ್ಲೇ ಇರುತ್ತದೆ.